ಕುಕ್ಕರಗಾಲಿನ ಗುರುತು

ಕಾಲಿನ ಹರಡನ್ನು ಮುಟ್ಟಿ ನೋಡಿಕೊಂಡರೆ ಎರಡು ಗುಬುಟು ಸಿಗುತ್ತವೆ. ಒಳಬದಿಯದು ಕಣಕಾಲಿನ ದಪ್ಪ ಎಲುಬಿನ ತುದಿ, ಹೊರಬದಿಯದು ಅದರ ಪಕ್ಕದ ಸಣಕಲು ಎಲುಬಿನದು. ಮಂಡಿಯ ಕೀಲಿನಲ್ಲಿ ಈ ಸಣಕಲು ಎಲುಬಿಗೆ ಯಾವ ಪಾಲೂ ಇಲ್ಲ. ಕೆಳಗೆ ಮಾತ್ರ ಅದಿಲ್ಲದೆ ನಡೆಯುವುದಿಲ್ಲ. ಬಡಗಿ ಮರದಲ್ಲಿ ಕೊರೆದ ಕಚ್ಚಿನ ಹಾಗೆ ಇವೆರಡೂ ಸೇರಿ ನಡುವೆ ಒಂದು ಮೂರನೆಯ ಎಲುಬನ್ನು ಹಿಡಿದಿರುತ್ತವೆ. ವೈದ್ಯರು ಅದನ್ನು ಟೇಲಸ್ ಅನ್ನುತ್ತಾರೆ. ನಿಂತಾಗ ಮೈಭಾರವೆಲ್ಲ ಅದರ ಮೂಲಕವೇ ಪಾದಕ್ಕೆ ಇಳಿಯಬೇಕು.

ಈ ಟೇಲಸ್ಸಿಗೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಪಾದದ ಹಿಂಭಾಗದ ಏಳು ಎಲುಬುಗಳಲ್ಲಿ ಹೀಗಿರುವುದು ಇದೊಂದೇ. ಯಾರೂ ಅದನ್ನು ನೇರವಾಗಿ ಎಳೆಯುವುದಿಲ್ಲ. ಸುತ್ತಲಿನವು ಆಡಿದಂತೆ ಅದೂ ಆಡುತ್ತದೆ. ಮೇಲೆ ಕಣಕಾಲು, ಕೆಳಗೆ ಹಿಮ್ಮಡಿ, ಮುಂದೆ ಪಾದದ ಇನ್ನೊಂದು ಎಲುಬು, ಹೀಗೆ ಹೊರಳಿದ ಕಡೆಯೆಲ್ಲ ಕೀಲೇ. ಅರ್ಧಕ್ಕಿಂತ ಹೆಚ್ಚು ಮೈ ನುಣ್ಣನೆಯ ಮೃದ್ವಸ್ಥಿ. ಕೀಲಾಗುವುದನ್ನು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ ಎನ್ನಬಹುದು.

1893ರಲ್ಲಿ ಹ್ಯಾವ್‌ಲಾಕ್ ಚಾರ್ಲ್ಸ್ ಎಂಬ ಅಂಗರಚನಾಶಾಸ್ತ್ರಜ್ಞ ಒಂದು ಪ್ರಬಂಧ ಪ್ರಕಟಿಸಿದ. ಲಾಹೋರಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಪಂಜಾಬಿಗಳ ಕಾಲಿನ ಎಲುಬುಗಳಲ್ಲಿ ಅವನ ಕಣ್ಣಿಗೆ ಬಿದ್ದದ್ದು ಹೆಚ್ಚುವರಿ ಕೀಲುಮೈಗಳು. ಕಣಕಾಲಿನ ಎಲುಬಿನ ಕೆಳ ಅಂಚಿನ ಮುಂಭಾಗದಲ್ಲಿ ಒಂದು ಪುಟ್ಟ ನುಣುಪು ಜಾಗ, ಟೇಲಸ್ಸಿನ ಕುತ್ತಿಗೆಯ ಮೇಲೆ ಅದಕ್ಕೆ ಎದುರಾಗಿ ಇನ್ನೊಂದು. ಕುಕ್ಕರಗಾಲಲ್ಲಿ ಕೂತು ನೋಡಿ: ಹಿಮ್ಮಡಿ ನೆಲಕ್ಕೆ ಊರಿ, ಮಂಡಿ ಮುಂದಕ್ಕೆ ಬಂದಾಗ ಈ ಎರಡು ಜಾಗಗಳು ಒಂದಕ್ಕೊಂದು ತಾಗುತ್ತವೆ. ಚಿಕ್ಕಂದಿನಿಂದ ಹಾಗೆ ಕೂತು ಕೂತು, ಬರಿಯ ತಾಗುವಿಕೆ ಎಲುಬಿನ ಮೇಲೆ ಕೀಲಿನ ಗುರುತನ್ನೇ ಮೂಡಿಸಿಬಿಟ್ಟಿತ್ತು.

ಚಾರ್ಲ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಹೊಟ್ಟೆಯೊಳಗಿನ ಶಿಶುಗಳಲ್ಲೂ ಇದೇ ಗುರುತು ಕಂಡಿತೆಂದು, ಅಪ್ಪ ಅಮ್ಮ ಕೂತ ಭಂಗಿ ಮಕ್ಕಳ ಎಲುಬಿಗೆ ಇಳಿದು ಬರುತ್ತದೆ ಎಂಬ ವಾದಕ್ಕೆ ಇಳಿದ. ಆ ಕಾಲದ ವಿಜ್ಞಾನಕ್ಕೆ ಅಂಥ ವಾದದ ಹುಚ್ಚಿತ್ತು. ಆದರೆ ಗರ್ಭದಲ್ಲಿ ಲಾಹೋರಿನ ಕೂಸಾಗಲಿ ಲಂಡನ್ನಿನ ಕೂಸಾಗಲಿ ಕಾಲು ಮಡಚಿಕೊಂಡೇ ಇರುತ್ತದೆ. ಅಜ್ಜನನ್ನು ಎಳೆದು ತರುವ ಅಗತ್ಯವಿಲ್ಲ. ಯುರೋಪಿನ ಮಧ್ಯಯುಗದ ಸಮಾಧಿಗಳಿಂದ ತೆಗೆದ ಎಲುಬುಗಳಲ್ಲೂ ಈ ಗುರುತು ಕಂಡಿದೆ. ಪಂಜಾಬಿಗಳ ವೈಶಿಷ್ಟ್ಯ ಎಂದು ಅವನು ಬರೆದಿಟ್ಟದ್ದು ಅವನದೇ ಖಂಡದ ಹಳಬರ ಕಾಲಿನಲ್ಲಿತ್ತು. ಅಲ್ಲಿ ಬರಬರುತ್ತಾ ಅದು ಕಡಿಮೆಯಾಯಿತು.

ಎಲುಬಿನ ಅದೇ ಜಾಗಕ್ಕೆ ಇನ್ನೊಂದು ಕಥೆಯೂ ಇದೆ. ಮೊದಲ ಮಹಾಯುದ್ಧದ ವಿಮಾನಗಳು ನೆಲಕ್ಕೆ ಅಪ್ಪಳಿಸಿದಾಗ ಪೈಲಟ್ಟುಗಳ ಪಾದ ರಡ್ಡರಿನ ಪಟ್ಟಿಗೆ ಒತ್ತಿ ಮೇಲಕ್ಕೆ ಮಡಚುತ್ತಿತ್ತು. ಟೇಲಸ್ಸಿನ ಕುತ್ತಿಗೆ ಕಣಕಾಲಿನ ಅಂಚಿಗೆ ಬಡಿದು ಮುರಿಯುತ್ತಿತ್ತು. ಎಷ್ಟು ಮಂದಿಗೆ ಹೀಗಾಯಿತೆಂದರೆ, 1919ರಲ್ಲಿ ಒಬ್ಬ ಬ್ರಿಟಿಷ್ ವೈದ್ಯ ಈ ಮುರಿತಕ್ಕೆ ವಿಮಾನ ಹಾರಿಸುವವರ ಹೆಸರನ್ನೇ ಇಟ್ಟ. ಮೈಯ ಬಹುಪಾಲು ಮೃದ್ವಸ್ಥಿಯಾದ್ದರಿಂದ ಈ ಎಲುಬಿನೊಳಗೆ ರಕ್ತನಾಳ ನುಗ್ಗಲು ಇರುವ ಜಾಗವೇ ಕಡಿಮೆ. ಕುತ್ತಿಗೆ ಮುರಿದರೆ ಆ ದಾರಿಗಳೂ ಕಡಿದುಹೋಗಿ, ಎಲುಬಿನ ಒಂದು ಭಾಗ ಸತ್ತೇ ಹೋಗುವುದುಂಟು. ಇಂದಿಗೂ ಮೂಳೆತಜ್ಞರು ಈ ಮುರಿತವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ವರ್ಷಗಟ್ಟಲೆ ಮೆಲ್ಲಗೆ ತಾಗಿದ್ದಕ್ಕೆ ನುಣುಪಾಗಿ ಜಾಗ ಮಾಡಿಕೊಟ್ಟ ಎಲುಬು, ಒಂದೇ ಏಟಿಗೆ ಎರಡಾಗುತ್ತದೆ.

ಕುಕ್ಕರಗಾಲನ್ನು ಹೊಗಳಿ ಕಮೋಡನ್ನು ಬೈಯುವುದು ಈಗ ಸುಲಭದ ದೇಶಾಭಿಮಾನ. ನನಗದು ಒಪ್ಪಿಗೆಯಿಲ್ಲ. ಮಂಡಿ ಸವೆದ ಅಜ್ಜಿಗೆ ಮನೆಯಲ್ಲಿ ಕಮೋಡ್ ಬಂದ ದಿನ ಎಂಥ ನೆಮ್ಮದಿ ಎಂಬುದು ಅಂಥವರ ಜೊತೆ ಇದ್ದವರಿಗೆ ಗೊತ್ತು. ನನಗೆ ಸೋಜಿಗ ಅನ್ನಿಸುವುದು ಬೇರೆ. ಒಲೆಯ ಮುಂದೆ, ಬಚ್ಚಲಲ್ಲಿ, ಬಸ್ಸು ಕಾಯುವ ರಸ್ತೆಬದಿಯಲ್ಲಿ ದಿನಕ್ಕೆ ಹತ್ತಾರು ಸಲ ಯಾರೂ ಹೇಳಿಕೊಡದೆ ಕೂರುತ್ತಿದ್ದ ಭಂಗಿ ಅದು. ಎರಡು ವರ್ಷದ ಮಗು ಈಗಲೂ ಹಾಗೆಯೇ ಕೂತು ಇರುವೆ ನೋಡುತ್ತದೆ. ಕುರ್ಚಿಯಲ್ಲೇ ಬೆಳೆದ ಮೂವತ್ತರ ತರುಣ ಕೂರಲು ಹೋದರೆ ಮೀನಖಂಡ ಬಿಗಿದು ಹಿಮ್ಮಡಿ ನೆಲ ಬಿಡುತ್ತದೆ, ಹಿಂದಕ್ಕೆ ಬೀಳುತ್ತಾನೆ. ಜಿಮ್ಮಿನವರು ಅದಕ್ಕೂ ಉಪಾಯ ಕಂಡುಕೊಂಡಿದ್ದಾರೆ: ಹಿಮ್ಮಡಿಯ ಕೆಳಗೆ ಒಂದು ಕಬ್ಬಿಣದ ಬಿಲ್ಲೆ ಇಟ್ಟು, ತಿಂಗಳಿಗಿಷ್ಟು ಎಂದು ಫೀಸು ತೆಗೆದುಕೊಂಡು ಕೂರುವುದನ್ನು ಕಲಿಸುತ್ತಾರೆ.