ಹೆಸರು ಹಿಡಿದು ಕರೆಯುವವರಿಲ್ಲದ ಅಂಗಳ



ಪದವಿ ಪರೀಕ್ಷೆಯ ಫಲಿತಾಂಶ ಬಂದ ದಿನಗಳಲ್ಲಿ ನಮ್ಮ ಧರ್ಮಕೇಂದ್ರದ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮುಂದಿನ ಓದಿಗೆ ಮಗನನ್ನೋ ಮಗಳನ್ನೋ ಎಲ್ಲಿಗೆ ಕಳುಹಿಸಬೇಕು? ಹತ್ತಿರದಲ್ಲಿ ಭಗಿನಿಯರು ನಡೆಸುವ ಕಾಲೇಜಿದೆ. ಅಲ್ಲಿ ಎರಡು ದಿನ ತರಗತಿಗೆ ಹೋಗದಿದ್ದರೆ ಮೂರನೆಯ ದಿನ ಮನೆಗೆ ದೂರವಾಣಿ ಕರೆ ಬರುತ್ತದೆ. ದೂರದಲ್ಲಿ ಸರ್ಕಾರದ ದೊಡ್ಡ ವಿಶ್ವವಿದ್ಯಾನಿಲಯವಿದೆ. ಶುಲ್ಕ ಕಡಿಮೆ, ಗ್ರಂಥಾಲಯ ವಿಶಾಲ, ವಿಷಯಗಳ ಆಯ್ಕೆಯೂ ಹೆಚ್ಚು. ಆದರೆ ಕಳೆದ ವರ್ಷ ತಾಯಿಯೊಬ್ಬರು ಬಲಿಪೂಜೆ ಮುಗಿಸಿ ಹೊರಬರುವಾಗ ನನ್ನನ್ನು ತಡೆದು ಕೇಳಿದ ಮಾತು ಇದು: “ಮೇಷ್ಟ್ರೇ, ಅಷ್ಟು ಸಾವಿರ ಜನರ ನಡುವೆ ನಮ್ಮ ಹುಡುಗಿಯನ್ನು ಕೇಳೋರು ಯಾರು?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕ್ರಿಸ್ಮಸ್ ರಜೆಗೆ ಊರಿಗೆ ಬಂದಿದ್ದ ನಾಲ್ಕೈದು ವಿದ್ಯಾರ್ಥಿಗಳನ್ನು ದೇವಾಲಯದ ಜಗಲಿಯ ಮೇಲೆ ಕೂರಿಸಿಕೊಂಡು ಆ ಪ್ರಶ್ನೆಯನ್ನು ಅವರಿಗೇ ಒಪ್ಪಿಸಿದೆ. ಅವರು ಓದುತ್ತಿರುವುದು ಬೇರೆ ಬೇರೆ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ. ಯಾವುದೆಂದು ಹೇಳುವ ಅಗತ್ಯವಿಲ್ಲ.

ಮೊದಲು ಮಾತನಾಡಿದವಳು ಎಂ.ಎ. ಓದುತ್ತಿರುವ ಹುಡುಗಿ. ಅವಳ ತಾಯಿ ಹಿಂದೆ ಗುರುಗಳ ನಿವಾಸದಲ್ಲಿ ಅಡುಗೆ ಮಾಡುತ್ತಿದ್ದವರು. “ಸಾರ್, ಇಲ್ಲಿ ಕಾಲೇಜಿನಲ್ಲಿ ನನ್ನನ್ನು ಎಲ್ಲರಿಗೂ ಗೊತ್ತಿತ್ತು. ಒಳ್ಳೆಯ ಅಂಕ ಬಂದರೆ, ಪಾಪ, ಅಡುಗೆಯವರ ಮಗಳು ಎಂದು ಮೆಚ್ಚುತ್ತಿದ್ದರು. ಬಾರದಿದ್ದರೆ, ಪಾಪ, ಅಡುಗೆಯವರ ಮಗಳು ಎಂದು ಕ್ಷಮಿಸುತ್ತಿದ್ದರು. ಅಲ್ಲಿ ನಾನು ಯಾರ ಮಗಳೂ ಅಲ್ಲ. ಮೊದಲ ಸೆಮಿನಾರಿನಲ್ಲಿ ನಾನು ಹೇಳಿದ್ದು ತಪ್ಪೆಂದು ಒಬ್ಬ ಹುಡುಗ ಎದ್ದು ನಿಂತು ವಾದಿಸಿದ. ಆ ದಿನ ನನಗಾದ ಸಂತೋಷ ಹೇಳತೀರದು.”

ನಿಜ ಹೇಳಬೇಕೆಂದರೆ ನಾನು ತಲೆ ತಗ್ಗಿಸಿದೆ. ಆ ‘ಪಾಪ’ ಎಂಬ ಮಾತನ್ನು ಹೇಳಿದವರಲ್ಲಿ ನಾನೂ ಒಬ್ಬ. ಮಗುವನ್ನು ಹೆಸರು ಹಿಡಿದು ಕರೆಯುವುದು ವಾತ್ಸಲ್ಯವೆಂದೇ ನಾವು ಭಾವಿಸುತ್ತೇವೆ. ಹೆಸರಿನ ಜೊತೆಗೆ ಮನೆ, ಕಸುಬು, ಜಾತಿ, ಅಪ್ಪನ ಸಾಲ ಎಲ್ಲವೂ ಅಂಟಿಕೊಂಡು ಬರುತ್ತವೆ ಎಂಬುದು ಕರೆಯುವವರಿಗೆ ಹೊಳೆಯುವುದಿಲ್ಲ, ಕರೆಸಿಕೊಳ್ಳುವವರಿಗೆ ತಿಳಿದಿರುತ್ತದೆ.

ನಮ್ಮ ನಾಡಿನಲ್ಲಿ ಸಾರ್ವಜನಿಕ ವಿಶ್ವವಿದ್ಯಾನಿಲಯವೆಂಬುದು ಹುಟ್ಟಿದ ಬಗೆಯನ್ನು ಇಲ್ಲಿ ನೆನೆಯಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರ ಜುಲೈ 27ರಂದು, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ತಕ್ಕ ಪಾಲು ದೊರಕಿಸುವ ಬಗೆಯನ್ನು ಪರಿಶೀಲಿಸಲು 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯೂ ಅದೇ ಅರಸರ ಕಾಲದ್ದು. ಮುಂದೆ ಆ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡಿದರು. ಆ ಉಪನ್ಯಾಸಗಳು ಅಗ್ಗದ ಕಿರುಹೊತ್ತಗೆಗಳಾಗಿ ಮನೆಮನೆ ಸೇರಿದವು. ಕುಲಪತಿಗಳಾಗಿದ್ದ ಕುವೆಂಪು ಅವರು 1960ರಲ್ಲಿ ಸ್ನಾತಕೋತ್ತರ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟರು. ಇಂತಹ ಕಡೆ ಇಂದು ಪ್ರವೇಶ ದೊರೆಯುವುದು ಒಂದು ಪಟ್ಟಿಯ ಮೂಲಕ. ಅಂಕ, ಮೀಸಲಾತಿ, ಕ್ರಮಸಂಖ್ಯೆ, ಅಷ್ಟೆ. ಯಾರ ಶಿಫಾರಸು ಪತ್ರವೂ ಬೇಕಿಲ್ಲ. ಆ ಪಟ್ಟಿಗೆ ನಿಮ್ಮ ಗುರುತು ಸಿಗುವುದಿಲ್ಲವಾದ್ದರಿಂದಲೇ ಅದು ನಿಮಗೆ ಅನ್ಯಾಯ ಮಾಡುವುದೂ ಕಷ್ಟ. ಪರಿಚಯವಿದ್ದವರಿಗೆ ಬಾಗಿಲುಗಳು ಎಂದಿನಿಂದಲೂ ತೆರೆದೇ ಇದ್ದವು. ಪರಿಚಯವಿಲ್ಲದವರಿಗೂ ಒಂದು ಬಾಗಿಲು ಬೇಕಾಗಿತ್ತು.

ಹಾಗಾದರೆ ಆ ತಾಯಿಯ ಭಯ ಸುಳ್ಳೇ? ಅಲ್ಲ. ಎರಡನೆಯವನು ಅದನ್ನೇ ಹೇಳಿದ. ಮೊದಲ ಸೆಮಿಸ್ಟರಿನಲ್ಲಿ ಅವನು ಸುಮಾರು 40 ದಿನ ತರಗತಿಗೇ ಹೋಗಲಿಲ್ಲವಂತೆ. “ಕೆಟ್ಟದ್ದೇನೂ ಮಾಡಲಿಲ್ಲ ಸಾರ್. ಏನನ್ನೂ ಮಾಡಲಿಲ್ಲ. ಮಲಗಿರುತ್ತಿದ್ದೆ. ಯಾರೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಎರಡನೆಯ ದಿನವೇ ಎದ್ದು ಹೋಗುತ್ತಿದ್ದೆ.” ಅವನ ಪಕ್ಕದಲ್ಲಿ ಕುಳಿತವನು ತನ್ನ ಅಂಕಪಟ್ಟಿಯಲ್ಲಿ ತಪ್ಪಾಗಿ ಅಚ್ಚಾದ ಹೆಸರನ್ನು ತಿದ್ದಿಸಲು ನಾಲ್ಕು ಕಿಟಕಿಗಳಿಗೆ ಅಲೆದ ಕಥೆಯನ್ನು ಹೇಳಿ ಎಲ್ಲರನ್ನೂ ನಗಿಸಿದ. ಮೊದಲನೆಯವನು ಮಾತ್ರ ನಗಲಿಲ್ಲ.

ಹುಡುಗಿಯನ್ನು ಬಿಡುಗಡೆ ಮಾಡಿದ ಗುಣವೇ ಈ ಹುಡುಗನನ್ನು ಮಂಚದ ಮೇಲೆ ಬಿಟ್ಟುಬಿಟ್ಟಿತು. ಪಟ್ಟಿ ಒಳಗೆ ಕರೆದುಕೊಳ್ಳುತ್ತದೆ, ಬಾಗಿಲು ತಟ್ಟುವುದಿಲ್ಲ. ತಟ್ಟಬೇಕಾದವರು ಯಾರು? ಈ ಪ್ರಶ್ನೆಯನ್ನು ನಾನು ಬೇರೆಯವರ ಮೇಲೆ ಎಸೆದು ಸುಮ್ಮನಾಗುವಂತಿಲ್ಲ. ಏಕೆಂದರೆ ನನ್ನದೊಂದು ಹಳೆಯ ಬಾಕಿ ಇದೆ.

ಎಂಬತ್ತರ ದಶಕದಲ್ಲಿ ನಾನೂ ಇಂತಹುದೇ ಒಂದು ದೊಡ್ಡ ಆವರಣದ ವಿದ್ಯಾರ್ಥಿನಿಲಯದಲ್ಲಿದ್ದೆ. ಎದುರಿನ ಕೋಣೆಯಲ್ಲಿ ಉತ್ತರ ಕರ್ನಾಟಕದ ಹಳ್ಳಿಯಿಂದ ಬಂದ ಒಬ್ಬನಿದ್ದ. ಪದವಿಯವರೆಗೂ ಕನ್ನಡದಲ್ಲೇ ಓದಿದವನು. ನಮ್ಮ ಪಾಠಗಳೋ ಇಂಗ್ಲಿಷಿನಲ್ಲಿ. ಅವನು ಟಿಪ್ಪಣಿಗಳನ್ನು ಬಿಡಿಸಿ ಬಿಡಿಸಿ ಓದುವ ದನಿ ರಾತ್ರಿ ಹನ್ನೆರಡರವರೆಗೂ ಕೇಳಿಸುತ್ತಿತ್ತು, ನನಗೆ ನಿದ್ದೆ ಕೆಡುತ್ತಿತ್ತು. ಒಂದು ವಾರ ದನಿ ಕೇಳಿಸಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದೆ. ದಸರಾ ರಜೆ ಮುಗಿಸಿ ಬಂದಾಗ ಆ ಬಾಗಿಲಿಗೆ ಬೇರೆ ಬೀಗವಿತ್ತು. ಪಾಠ ಅರ್ಥವಾಗದೆ ಓದು ಬಿಟ್ಟು ಹೋದನೆಂದು ಯಾರೋ ಹೇಳಿದರು. ನನ್ನ ಮೇಜಿನ ಮೇಲೆ ಅದೇ ಪಾಠಗಳಿಗೆ ನಾನೇ ಕನ್ನಡದಲ್ಲಿ ಮಾಡಿಕೊಂಡ ಟಿಪ್ಪಣಿಗಳಿದ್ದವು. ಅವನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ಬಹಳ ವರ್ಷಗಳ ಕಾಲ ಈ ಸಂಗತಿಯನ್ನು ನಾನು ಬೇರೆ ರೀತಿಯಲ್ಲಿ ಹೇಳುತ್ತಿದ್ದೆ. “ನೋಡಿ, ಅಷ್ಟು ದೊಡ್ಡ ಸಂಸ್ಥೆ, ಒಬ್ಬ ಹುಡುಗ ಮಾಯವಾದರೂ ಯಾರೂ ವಿಚಾರಿಸಲಿಲ್ಲ” ಎಂದು. ಆ ‘ಯಾರೂ’ ಎಂಬುದರಲ್ಲಿ ನನ್ನನ್ನು ಸೇರಿಸಿಕೊಂಡಿರಲಿಲ್ಲ. ನಮ್ಮ ಎರಡು ಬಾಗಿಲುಗಳ ನಡುವೆ ಎಂಟು ಅಡಿಯೂ ಇರಲಿಲ್ಲ.

1852ರಲ್ಲಿ ಡಬ್ಲಿನ್ ನಗರದಲ್ಲಿ ವಿಶ್ವವಿದ್ಯಾನಿಲಯದ ಉದ್ದೇಶವನ್ನು ಕುರಿತು ಉಪನ್ಯಾಸಗಳನ್ನು ನೀಡಿದ ಜಾನ್ ಹೆನ್ರಿ ನ್ಯೂಮನ್ ಅವರನ್ನು 2019ರಲ್ಲಿ ಸಂತರೆಂದು ಘೋಷಿಸಲಾಯಿತು. 2025ರಲ್ಲಿ ಅವರು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿದರು. ಅವರ ಒಂದು ವಾದ ಓದಿದವರನ್ನು ಇಂದಿಗೂ ಬೆಚ್ಚಿಬೀಳಿಸುತ್ತದೆ. ಜೊತೆಯಾಗಿ ವಾಸಿಸುವ ಏರ್ಪಾಡಿಲ್ಲದೆ, ಕೇವಲ ಪರೀಕ್ಷೆ ನಡೆಸಿ ಪದವಿ ಕೊಡುವ ವಿಶ್ವವಿದ್ಯಾನಿಲಯ ಒಂದು ಕಡೆ. ಪ್ರಾಧ್ಯಾಪಕರೂ ಪರೀಕ್ಷೆಯೂ ಇಲ್ಲದೆ ಯುವಕರನ್ನು ಮೂರು ನಾಲ್ಕು ವರ್ಷ ಒಟ್ಟಿಗೆ ಇರಿಸಿ ಕಳುಹಿಸಿಬಿಡುವುದು ಇನ್ನೊಂದು ಕಡೆ. ಬುದ್ಧಿಯನ್ನು ಬೆಳೆಸುವುದರಲ್ಲಿ ಎರಡನೆಯದೇ ಮೇಲು ಎಂದರು ಅವರು. ಒಟ್ಟಿಗೆ ಬಾಳುವ ಯುವಕರು ಪರಸ್ಪರ ಕಲಿಸುತ್ತಾರೆ ಎಂಬುದು ಅವರ ನಂಬಿಕೆ. ಅವರ ಕಣ್ಣ ಮುಂದೆ ಇದ್ದದ್ದು ಆಕ್ಸ್‌ಫರ್ಡಿನ ಸ್ಥಿತಿವಂತರ ಮಕ್ಕಳು ಎಂಬುದನ್ನು ಮರೆಯಬಾರದು. ನನ್ನ ಎದುರು ಕೋಣೆಯವನಿಗೂ ನನಗೂ ಒಂದೇ ಸೂರು ಇತ್ತು, ಒಂದೇ ಮೆಸ್ಸಿನ ಸಾರು ಇತ್ತು. ಆದರೂ ನಾವು ಏನನ್ನೂ ಕಲಿಸಿಕೊಳ್ಳಲಿಲ್ಲ.

ನೀವು ಕೇಳಬಹುದು: ಇಪ್ಪತ್ತು ವರ್ಷದ ಮಕ್ಕಳ ತಲೆಯ ಮೇಲೆ ಈ ಹೊರೆಯನ್ನು ಹೊರಿಸುವುದು ಸರಿಯೇ? ಸಂಸ್ಥೆಗೆ ಹೊಣೆಯಿಲ್ಲವೇ? ಖಂಡಿತ ಇದೆ. ನಮ್ಮ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳೇ ಭರ್ತಿಯಾಗದೆ ಅತಿಥಿ ಉಪನ್ಯಾಸಕರ ಮೇಲೆ ಪಾಠ ನಡೆಯುತ್ತಿರುವಾಗ, ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ತಿಳಿಯದ ಆ ಉಪನ್ಯಾಸಕನಿಂದ ಪ್ರತಿಯೊಬ್ಬ ವಿದ್ಯಾರ್ಥಿಯ ಮುಖ ಓದುವ ತಾಳ್ಮೆಯನ್ನು ನಿರೀಕ್ಷಿಸಲಾಗದು. ಅದು ಸರ್ಕಾರವನ್ನು ಕೇಳಬೇಕಾದ ಮಾತು, ಕೇಳಲೇಬೇಕು. ಆದರೆ ಅದು ಸರಿಹೋಗುವವರೆಗೆ ಎಂಟು ಅಡಿ ದೂರದವರಿಗೆ ರಜೆಯೇನೂ ಸಿಗುವುದಿಲ್ಲ. ‘ನನ್ನ ಮಗುವನ್ನು ಕೇಳುವವರು ಯಾರು’ ಎಂದು ಆತಂಕಪಡುವ ನಾವು, ಫೋನಿನಲ್ಲಿ ಊಟವಾಯಿತೇ ಎಂದು ವಿಚಾರಿಸಿದ ಮೇಲೆ, ‘ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ’ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಮಂಚ ಹಿಡಿದಿದ್ದ ಹುಡುಗ ಕೊನೆಗೆ ಹೇಗೆ ಎದ್ದನೆಂದು ವಿಚಾರಿಸಿದೆ. ಕಲಬುರಗಿ ಕಡೆಯ ಒಬ್ಬ ಬಕೆಟ್ ಕೇಳಿಕೊಂಡು ಬಂದನಂತೆ. ತೆಗೆದುಕೊಂಡು ಹೋಗುವ ಮೊದಲು ಐದು ನಿಮಿಷ ಕುಳಿತ. ಮರುದಿನವೂ ಬಕೆಟ್ಟಿಗೆಂದು ಬಂದ, ಅದರ ಮರುದಿನವೂ. ನಾಲ್ಕನೆಯ ದಿನ ಇಬ್ಬರೂ ಒಟ್ಟಿಗೆ ತಿಂಡಿಗೆ ಹೋದರು. ಹಾಜರಾತಿ ಸಾಲದೆ ಆ ಸೆಮಿಸ್ಟರ್ ಇವನ ಕೈತಪ್ಪಿತು; ಓದು ಮಾತ್ರ ತಪ್ಪಲಿಲ್ಲ. ಆ ಗೆಳೆಯನ ಬಳಿ ಮೊದಲಿನಿಂದಲೂ ಸ್ವಂತ ಬಕೆಟ್ ಇತ್ತು ಎಂಬುದು ಇವನಿಗೆ ತಿಳಿದದ್ದು ಒಂದು ವರ್ಷದ ನಂತರ.

ಇದನ್ನೆಲ್ಲ ಮುಂದಿನ ಭಾನುವಾರ ಆ ತಾಯಿಗೆ ಹೇಳಿದೆ, ನನ್ನ ಎದುರು ಕೋಣೆಯವನ ವಿಷಯವನ್ನೂ ಬಿಡದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಾಸ್ಟೆಲಿಗೆ ಎಷ್ಟಾಗುತ್ತೆ ಮೇಷ್ಟ್ರೇ?” ಎಂದು ಕೇಳಿದರು.