ನೋಡಕ್ಕಾಗ್ತಿಲ್ಲ

ಸಾಕಿದ ನಾಯಿಗೆ ಲಕ್ವ ಹೊಡೆದಾಗ ಮನೆಯಲ್ಲಿ ಮೊದಲು ಕೇಳಿಬರೋ ಮಾತು, "ಪಾಪ, ನೋಡಕ್ಕಾಗ್ತಿಲ್ಲ." ಜಯನಗರದ ಹಳೇ ಮನೆಯಾಗಲಿ, ಬಿಟಿಎಂ ಲೇಔಟಿನ ಮೂರನೇ ಮಹಡಿಯ ಫ್ಲಾಟ್ ಆಗಲಿ, ಮಾತು ಇದೇ. ಅದರ ಬೆನ್ನಿಗೇ ಎರಡನೇದು ಬರುತ್ತೆ: "ಇಂಜೆಕ್ಷನ್ ಕೊಡಿಸಿ ಕಳಿಸಿಬಿಡೋಣ್ವಾ?" ಮೊದಲನೇ ಮಾತಿಗೂ ಎರಡನೇ ಮಾತಿಗೂ ನಡುವೆ ಎಷ್ಟು ಹೊತ್ತು ಇರಬೇಕು ಅನ್ನೋದು ನನ್ನ ಪ್ರಶ್ನೆ.

ಕಣ್ಣಿಗೆ ಕಾಣೋದು ನಿಜಕ್ಕೂ ಭಯಂಕರವಾಗೇ ಇರುತ್ತೆ. ನಿನ್ನೆ ರಾತ್ರಿ ಲಿಫ್ಟಿನ ಸದ್ದಿಗೇ ಬಾಗಿಲಿಗೆ ಓಡಿಬಂದ ಹನ್ನೆರಡು ವರ್ಷದ ನಾಯಿ, ಬೆಳಗ್ಗೆ ಎದ್ದು ನಿಲ್ಲೋಕೆ ಹೋಗಿ ಒಂದೇ ಪಕ್ಕಕ್ಕೆ ಬೀಳುತ್ತೆ. ತಲೆ ಓರೆಯಾಗಿದೆ, ಕಣ್ಣುಗುಡ್ಡೆ ನಿಲ್ಲದೆ ಆ ಕಡೆ ಈ ಕಡೆ ಓಡ್ತಿದೆ, ಜೊಲ್ಲು, ವಾಂತಿ. ನೋಡಿದವರೆಲ್ಲ "ಸ್ಟ್ರೋಕ್" ಅಂತಾರೆ. ಆದರೆ ವಯಸ್ಸಾದ ನಾಯಿಗಳಲ್ಲಿ ಹೆಚ್ಚುಕಮ್ಮಿ ಹೀಗೇ ಕಾಣೋ ಇನ್ನೊಂದು ತೊಂದರೆ ಇದೆ. ಒಳಕಿವಿಯ ಸಮತೋಲನದ ವ್ಯವಸ್ಥೆ ಇದ್ದಕ್ಕಿದ್ದಂತೆ ಕೈಕೊಡೋದು. ಡಾಕ್ಟರುಗಳು ವೆಸ್ಟಿಬ್ಯುಲರ್ ಡಿಸೀಸ್ ಅಂತಾರೆ. ಸಾಮಾನ್ಯವಾಗಿ ಇದು ಮೂರು ದಿನದೊಳಗೆ ಇಳಿಯೋಕೆ ಶುರುವಾಗಿ, ಎರಡು ಮೂರು ವಾರದಲ್ಲಿ ಬಹುಪಾಲು ಸರಿಹೋಗುತ್ತೆ. ತಲೆ ಸ್ವಲ್ಪ ಓರೆಯಾಗೇ ಉಳಿಯಬಹುದು, ಅಷ್ಟೇ.

ಎರಡನ್ನೂ ಬೇರ್ಪಡಿಸೋಕೆ ವೆಟ್ ಮಾಡೋ ಒಂದು ಪರೀಕ್ಷೆ ನೋಡೋಕೆ ಬಹಳ ಸರಳ. ನಾಯಿಯ ಪಾದವನ್ನು ಮಗುಚಿ, ಮೇಲ್ಭಾಗ ನೆಲಕ್ಕೆ ತಾಗೋ ಹಾಗೆ ಇಡ್ತಾರೆ. ಸರಿಯಾಗಿರೋ ನಾಯಿ ತಕ್ಷಣ ತಿರುಗಿಸಿಕೊಳ್ಳುತ್ತೆ. ತೊಂದರೆ ಮೆದುಳಿನಲ್ಲಿದ್ದರೆ ಎಷ್ಟೋ ಸಲ ಪಾದ ಹಾಗೇ ಮಗುಚಿಕೊಂಡಿರುತ್ತೆ. ಕಣ್ಣುಗುಡ್ಡೆ ಮೇಲೆ ಕೆಳಗೆ ಓಡೋದು, ಮಂಪರು ಕವಿಯೋದು ಕೂಡ ಆ ಕಡೆಗೇ ಬೊಟ್ಟು ಮಾಡೋ ಲಕ್ಷಣಗಳು. ಖಚಿತವಾಗಬೇಕು ಅಂದರೆ ಎಂಆರ್‌ಐ ಬೇಕು. ನಾಯಿ ಅಲುಗಾಡದೆ ಮಲಗಲ್ಲವಾದ್ದರಿಂದ ಅರಿವಳಿಕೆಯೂ ಬೇಕು. ಇನ್ನು, ಅದು ನಿಜವಾಗಿ ಸ್ಟ್ರೋಕೇ ಆಗಿದ್ದರೂ ಕಥೆ ಮುಗಿದ ಹಾಗಲ್ಲ. ಮನುಷ್ಯರಿಗಾದರೆ ರಕ್ತದ ಗಡ್ಡೆ ಕರಗಿಸೋ ಔಷಧಿ ಕೊಡೋಕೆ ನಾಲ್ಕೂವರೆ ಗಂಟೆಯ ಗಡುವು ಇದೆ. ನಾಯಿಗಳಿಗೆ ಅಂಥ ಚಿಕಿತ್ಸೆ ರೂಢಿಯಲ್ಲಿಲ್ಲ. ಹಿಂದಿರೋ ಕಾರಣವನ್ನು, ಅಂದರೆ ಬಿಪಿ, ಕಿಡ್ನಿ, ಹೃದಯ, ಹಾರ್ಮೋನಿನ ತೊಂದರೆಗಳನ್ನು ಹುಡುಕಿ ಅದಕ್ಕೆ ಮದ್ದು ಮಾಡ್ತಾರೆ. ಉಳಿದದ್ದು ಆರೈಕೆ. ಆರೈಕೆಯಿಂದಲೇ ಕೆಲವು ವಾರಗಳಲ್ಲಿ ಮತ್ತೆ ನಡೆಯೋ ನಾಯಿಗಳು ಬೇಕಾದಷ್ಟಿವೆ.

ಈಗ ಆ ಮೊದಲನೇ ಮಾತಿಗೆ ಬರೋಣ. ನೋಡಕ್ಕಾಗ್ತಿಲ್ಲ. ಯಾರಿಗೆ? ಆ ವಾಕ್ಯದಲ್ಲಿ ನಾಯಿ ಇಲ್ಲ, ಇರೋದು ನಾವು. ನಮ್ಮ ಸಂಕಟ ಸುಳ್ಳು ಅಂತ ಹೇಳ್ತಿಲ್ಲ. ಆದರೆ ನಮ್ಮ ಸಂಕಟವನ್ನು ನಿಲ್ಲಿಸೋಕೆ ನಾಯಿಯ ಜೀವ ತೆಗೆದು, ಅದಕ್ಕೆ ಕರುಣೆ ಅಂತ ಹೆಸರಿಡೋದು ಎಷ್ಟು ಸರಿ? ಲಕ್ವ ಹೊಡೆದ ಮನುಷ್ಯನಿಗೆ ಮಾತು ಹೋಯಿತು, ಬಲಗೈ ಹೋಯಿತು, ಕೆಲಸ ಹೋಯಿತು ಅನ್ನೋ ಲೆಕ್ಕವಿದೆ. ನಾವು ಅದೇ ಲೆಕ್ಕವನ್ನು ನಾಯಿಯ ತಲೆಗೆ ಕಟ್ಟುತ್ತೇವೆ. ಅದರ ಲೆಕ್ಕ ಬಟ್ಟಲು, ಬಿಸಿಲು, ನಮ್ಮ ವಾಸನೆ ಇಷ್ಟೇ ಇರಬಹುದಲ್ವಾ?

ಇದರ ಇನ್ನೊಂದು ಮಗ್ಗುಲೂ ಇದೆ, "ಬಿಡಕ್ಕಾಗ್ತಿಲ್ಲ." ವಾರಗಟ್ಟಲೆ ಏಳದ, ತಿನ್ನದ, ನೋವಿಗೆ ಕುಂಯ್‌ಗುಡೋ ನಾಯಿಯನ್ನು ಡ್ರಿಪ್ ಮೇಲೆ ಉಳಿಸಿಕೊಳ್ಳೋದು. ಅಲ್ಲೂ ವಾಕ್ಯದ ಕರ್ತೃ ನಾವೇ. ಬೇಗ ಕಳಿಸೋನೂ, ಕಳಿಸದೇ ಇರೋನೂ ಒಂದೇ ಕಾರಣಕ್ಕೆ ಎಡವುತ್ತಾರೆ. ಇಬ್ಬರೂ ನೋಡ್ತಿರೋದು ತಮ್ಮನ್ನೇ.

ನಮ್ಮೂರಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದನದ ಡಾಕ್ಟ್ರು ಬರ್ತಿದ್ದದ್ದು ಹಸುಗೆ. ನಾಯಿ ಮೇಲೇಳದೇ ಹೋದರೆ ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿರ್ತಿತ್ತು, ಅಜ್ಜಿ ಗಂಜಿ ಇಡ್ತಿದ್ರು, ಏಳ್ತಿತ್ತು ಇಲ್ಲಾ ಹೋಗ್ತಿತ್ತು. ಇದನ್ನು ನಾನು ಹೊಗಳಲ್ಲ, ಅದರ ನೋವಿಗೆ ಅಲ್ಲಿ ಮದ್ದಿರಲಿಲ್ಲ. ಆದರೆ ಆ ನಾಯಿಯನ್ನು ಯಾರೂ ಬೇಡಿ ತಂದಿರಲಿಲ್ಲ, ಅದಾಗೇ ಬಂದು ಸೇರಿಕೊಂಡದ್ದು. ನಮ್ಮ ಫ್ಲಾಟಿನ ನಾಯಿ ಹಾಗಲ್ಲ.

ಬೇಡಿ ತಂದ ನಾಯಿಯ ಋಣ ಏನು ಅನ್ನೋದಕ್ಕೆ ಕನ್ನಡದಲ್ಲೇ ಒಂದು ಹಳೇ ಸಾಕ್ಷಿ ಇದೆ, ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕಾಲ ಕ್ರಿ.ಶ. 949-50, ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಒಡೆಯ ಮೆಚ್ಚಿ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಆ ಕಾಳಿ ಹಂದಿಯೊಂದಿಗೆ ಹೋರಾಡಿ ಸತ್ತಾಗ ಅವನು ಕಲ್ಲು ನೆಡಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಕಾಳಿಗಾದರೋ ವೀರಮರಣ. ನಮ್ಮ ನಾಯಿ ಹಾಲಿನ ಟೈಲ್ಸ್ ಮೇಲೆ ಉಚ್ಚೆಯಲ್ಲಿ ಬಿದ್ದಿರುತ್ತೆ, ಅದಕ್ಕೆ ಕಲ್ಲು ನೆಡೋರಿಲ್ಲ. ಆದರೆ ಬೇಡಿ ತಂದವರು ನಾವೇ ಅನ್ನೋದು ಬದಲಾಗಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕಾಯೋದು ಅಂದರೆ ಕೈಕಟ್ಟಿ ಕೂರೋದಲ್ಲ. ಅವತ್ತೇ ವೆಟ್ ಹತ್ತಿರ ಹೋಗಬೇಕು. ಫಿಟ್ಸ್ ಐದು ನಿಮಿಷ ದಾಟಿದರೆ ಅಥವಾ ಪ್ರಜ್ಞೆ ತಪ್ಪಿದರೆ ಆ ಕ್ಷಣವೇ ಹೊರಡಬೇಕು. ರೇಬಿಸ್ ಲಸಿಕೆ ಆಗದ ನಾಯಿಯಾದರೆ ಬಾಯಿ ಹತ್ತಿರ ಕೈ ಒಯ್ಯಬಾರದು. ಮನೆಯಲ್ಲಿರೋ ಆಸ್ಪಿರಿನ್, ಪ್ಯಾರಾಸಿಟಮಾಲ್ ಕೊಡಲೇಬಾರದು. ಜಾರದ ಹಾಗೆ ಯೋಗಾ ಮ್ಯಾಟ್ ಹಾಸಿ, ಮೆಟ್ಟಿಲಿಗೆ ಅಡ್ಡ ಇಡಿ. ಮಲಗಿದಲ್ಲೇ ಹುಣ್ಣಾಗದಂತೆ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹೊಟ್ಟೆ ಕೆಳಗೆ ಟವೆಲ್ ತೂರಿಸಿ ಎತ್ತಿಹಿಡಿದು ಉಚ್ಚೆಗೆ ನಿಲ್ಲಿಸಿ. ಒಬ್ಬರಿಂದ ಆಗೋ ಕೆಲಸವಲ್ಲ ಇದು. ಮನೆಯವರೋ ರೂಂಮೇಟೋ ಪಾಳಿ ಹಂಚಿಕೊಳ್ಳಬೇಕು, ಸಾಧ್ಯವಾದರೆ ಎರಡು ದಿನ ವರ್ಕ್ ಫ್ರಂ ಹೋಮ್ ಕೇಳಬೇಕು.

ಜೊತೆಗೆ ಒಂದು ಹಾಳೆಯಲ್ಲಿ ದಿನಾ ಬರೆದಿಡಿ: ತಿಂದಿತಾ, ಕುಡಿಯಿತಾ, ಎಷ್ಟು ಹೆಜ್ಜೆ ಇಟ್ಟಿತು, ಹೆಸರು ಕರೆದರೆ ಕಿವಿ ನಿಮಿರಿತಾ, ನೋವಿದೆಯಾ. ವೆಟ್ ತಡಿಯೋದು ಬೇಡ ಅಂತ ಹೇಳಿದ ಹೊರತು, ಮೂರು ದಿನವಾದರೂ ಆ ಹಾಳೆ ತುಂಬಲಿ. ಆಮೇಲೆ ಅದನ್ನು ಇಟ್ಟುಕೊಂಡು ಡಾಕ್ಟರ ಎದುರು ಕೂತು ಮಾತಾಡಿ. ಕಳಿಸಿಕೊಡೋ ತೀರ್ಮಾನವೇ ಆಗಬಹುದು. ಖರ್ಚಿನ ಮಾತೂ ಬರಬಹುದು, ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಆದರೆ ಅದು ನೋಡಿ ಮಾಡಿದ ತೀರ್ಮಾನವಾಗಿರುತ್ತೆ, ನೋಡಕ್ಕಾಗದೆ ಮಾಡಿದ್ದಲ್ಲ.