701 ಸಂಶಯಗಳು

ಮುಸ್ಸಂಜೆಯ ಮಬ್ಬಿನಲ್ಲಿ ದೂರಕ್ಕೆ ಕಂಡ ನೀಳಾಕೃತಿಯು ಮೋಟುಮರವೋ ಮನುಷ್ಯನೋ ಎಂಬುದು ನಮ್ಮ ನೈಯಾಯಿಕರು ಸಂಶಯಕ್ಕೆ ಕೊಡುವ ಹಳೆಯ ಉದಾಹರಣೆ. ಹಗ್ಗವನ್ನು ಹಾವೆಂದು ತಿಳಿಯುವ ಭ್ರಮೆಯಲ್ಲಿ ತಪ್ಪಾದರೂ ಒಂದು ನಿಶ್ಚಯವುಂಟು. ಸಂಶಯದಲ್ಲಿ ಅದೂ ಇಲ್ಲ. ಇವೆರಡನ್ನೂ ಒಂದೇ ಎಂದೆಣಿಸಿದ್ದರಿಂದಲೇ, ಅಮೆರಿಕದ ಹಾರುವ ತಟ್ಟೆಗಳ ವಿಚಾರದಲ್ಲಿ ನಂಬುವವರೂ ನಗುವವರೂ ಸಮಾನವಾಗಿ ಎಡವಿದರೆಂದು ನನಗೆ ತೋರುತ್ತದೆ.

1947ರ ಜೂನ್ 24ರಂದು ರೇನಿಯರ್ ಪರ್ವತದ ಬಳಿ ತನ್ನ ಪುಟ್ಟ ವಿಮಾನವನ್ನು ನಡೆಸುತ್ತಿದ್ದ ಕೆನೆತ್ ಆರ್ನಾಲ್ಡನು ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡು, ನೀರಿನ ಮೇಲೆ ಬೀಸಿದ ತಟ್ಟೆ ಪುಟಿಪುಟಿದು ಹೋಗುವಂತೆ ಅವು ಸಾಗಿದುವೆಂದನು. ಅವನು ವರ್ಣಿಸಿದ್ದು ಗತಿಯನ್ನು. ಪತ್ರಿಕೆಗಳವರು ಹಿಡಿದುಕೊಂಡದ್ದು ತಟ್ಟೆಯನ್ನು. ಉಪಮಾನವೇ ವಸ್ತುವಾಗಿ ಜನರ ಕಣ್ಣಲ್ಲಿ ಕುಳಿತ ಮೇಲೆ ಆಕಾಶದಲ್ಲಿ ತಟ್ಟೆಗಳಿಗೆ ಬರವೇ? ಒಂದರ ಮೇಲೆ ಇನ್ನೊಂದನ್ನು ಆರೋಪಿಸುವ ಅಧ್ಯಾಸಕ್ಕೆ ಇಷ್ಟು ಹಸನಾದ ನಿದರ್ಶನ ನಮ್ಮ ಭಾಷ್ಯಕಾರರಿಗೂ ಸಿಕ್ಕಿರಲಾರದು.

ಅಲ್ಲಿಯ ವಾಯುಸೇನೆಯು 1969ರವರೆಗೆ ನಡೆಸಿದ ‘ಬ್ಲೂ ಬುಕ್’ ಎಂಬ ಪರಿಶೀಲನೆಯ ಕೊನೆಗೆ, 12,618 ವರದಿಗಳ ಪೈಕಿ 701 ‘ಗುರುತು ಹತ್ತದವು’ ಎಂದು ಉಳಿದುವು. ಮಿಕ್ಕವುಗಳಲ್ಲಿ ಬಹುಪಾಲು ಗ್ರಹ, ಬಲೂನು, ವಿಮಾನಗಳೆಂದು ಇತ್ಯರ್ಥವಾದುವು. 1966ರ ಮಾರ್ಚ್‌ನಲ್ಲಿ ಮಿಶಿಗನ್ನಿನ ಹಿಲ್ಸ್‌ಡೇಲ್ ಕಾಲೇಜಿನ ವಿದ್ಯಾರ್ಥಿನಿಯರು ವಸತಿಗೃಹದ ಕಿಟಕಿಯಿಂದ ಕಂಡ ಬೆಳಕು ಜೌಗುನೆಲದ ಅನಿಲವಿರಬಹುದೆಂದು ಸೇನೆಯ ಸಲಹೆಗಾರನಾಗಿದ್ದ ಖಗೋಳಜ್ಞ ಹೈನೆಕ್ ನುಡಿದಾಗ, ಆ ‘ಇರಬಹುದು’ ಯಾರ ಕಿವಿಗೂ ಬೀಳದೆ, ಅನಿಲವೊಂದೇ ನಾಡಿಗೆಲ್ಲ ನಗೆಯ ಸರಕಾಯಿತು.

ಹಾಗೆಂದು 701 ಎಂಬುದನ್ನು ಅನ್ಯಲೋಕದ ಅತಿಥಿಗಳ ಎಣಿಕೆಯೆಂದು ಓದಲಾಗದು. ಅಂಥ ಸಾಕ್ಷ್ಯವೊಂದೂ ದೊರೆಯಲಿಲ್ಲವೆಂದು ವಾಯುಸೇನೆ ಹೇಳಿತು. 2024ರಲ್ಲಿ ಇಂಥ ವರದಿಗಳನ್ನು ಪರಿಶೀಲಿಸುವ ಪೆಂಟಗನ್ನಿನ ಕಚೇರಿಯೂ ಅದನ್ನೇ ಹೇಳಿತು. ಆದರೆ ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗಬೇಕಾದರೆ, ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಯೋಗ್ಯತೆ ಅಲ್ಲಿರಬೇಕೆಂಬುದು ಭಾಟ್ಟ ಮೀಮಾಂಸಕರ ಪಟ್ಟು. ದೀಪವಿರುವ ಕೋಣೆಯಲ್ಲಿ ಕೊಡವಿಲ್ಲವೆಂದು ಧೈರ್ಯವಾಗಿ ಹೇಳಬಹುದು, ಕತ್ತಲಕೋಣೆಯಲ್ಲಿ ಹೇಳಲಾಗದು. ಬೆಚ್ಚಿಬಿದ್ದವನೊಬ್ಬನ ಅರೆನಿಮಿಷದ ನೆನಪು ಇವೆರಡರಲ್ಲಿ ಯಾವ ಕೋಣೆ?

‘ಬ್ಲೂ ಬುಕ್’ನ ಕಡತಗಳು ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸಾರ್ವಜನಿಕರಿಗೆ ಕೊಡುವ ಮುನ್ನ ಸಾಕ್ಷಿಗಳ ಹೆಸರುಗಳನ್ನು ಅಳಿಸಿದ್ದಾರೆ. ಸಂಶಯವು ಆತ್ಮನ ಗುಣ, ಆಶ್ರಯವಿಲ್ಲದೆ ಗುಣವು ನಿಲ್ಲದು ಎನ್ನುವ ವೈಶೇಷಿಕನು ಇವನ್ನು ಹೇಗೆ ಓದಿಯಾನೋ. ವೇಳೆ, ದಿಕ್ಕು, ಬಣ್ಣಗಳೆಲ್ಲ ಉಳಿದು, ಸಂಶಯಪಟ್ಟವನೊಬ್ಬನೇ ಆ ಹಾಳೆಗಳಿಂದ ಮಾಯವಾಗಿದ್ದಾನೆ.